ಅಪ್ಪನಿಗೆ ಶುಗರ್ ಇಲ್ಲ, ಹಾರ್ಟ್ ಡಾಕ್ಟರ್ ಶುಗರ್ ಮಾತ್ರೆ ಬರೆದಿದ್ದಾರೆ. ಕೊಡಬಹುದಾ?

ತೂಕ 98 ಕೆಜಿ, ಹಾರ್ಟ್ ಫೇಲ್ಯೂರ್, ಶುಗರ್ ಇಲ್ಲ, ಆದರೂ ಡಪಾಗ್ಲಿಫ್ಲೋಜಿನ್ ಅನ್ನೋ ಶುಗರ್ ಮಾತ್ರೆ. ನಿಮ್ಮ ಅಪ್ಪನ ಚೀಟಿ ಓದಿದರೆ ನನ್ನದೇ ಹಳೇ ಚೀಟಿ ಓದಿದ ಹಾಗಾಯಿತು. ನನಗೆ ಶುಗರ್ ಕೂಡ ಇತ್ತು, ಅಷ್ಟೇ ವ್ಯತ್ಯಾಸ.

ತಿಪಟೂರಿನಲ್ಲಿ ನನ್ನದು ಕೊಬ್ಬರಿ ವ್ಯಾಪಾರ. 2022ರಲ್ಲಿ ತೂಕ 104 ಇತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ತುಮಕೂರಿನ ಹಾರ್ಟ್ ಡಾಕ್ಟರ್ ಎಕೋ, ಅಂದರೆ ಹೃದಯದ ಸ್ಕ್ಯಾನ್ ಮಾಡಿಸಿ, ಪಂಪಿಂಗ್ ಚೆನ್ನಾಗೇ ಇದೆ, ಆದರೆ ಹೃದಯ ಬಿಗಿಯಾಗಿದೆ, ಇದೂ ಹಾರ್ಟ್ ಫೇಲ್ಯೂರೇ ಎಂದರು. ನೀರು ಹೋಗುವ ಮಾತ್ರೆ, ಜೊತೆಗೆ ಡಪಾಗ್ಲಿಫ್ಲೋಜಿನ್ 10 ಎಂಜಿ ಬರೆದರು. ಶುಗರ್‌ಗೆ ಏನು ತಗೋತಿದ್ದೀರಿ ಎಂದು ಕೇಳಿದರು. ಮೆಟ್‌ಫಾರ್ಮಿನ್ ಎಂದೆ.

ತಪ್ಪಿದ್ದು ಅಲ್ಲೇ. ನಾನು ನುಂಗುತ್ತಿದ್ದದ್ದು ಮೂರು ಔಷಧ ಸೇರಿದ ಒಂದು ಮಾತ್ರೆ, ಅದರಲ್ಲಿ ಪಯೋಗ್ಲಿಟಜೋನ್ ಕೂಡ ಇತ್ತು. ಆ ಚೀಟಿ ಯಾವತ್ತೋ ಕಳೆದುಹೋಗಿತ್ತು, ಖಾಲಿ ಶೀಟ್ ತೋರಿಸಿ ಮೆಡಿಕಲ್‌ನಲ್ಲಿ ತರುತ್ತಿದ್ದೆ, ಹಿಂದೆ ಸಣ್ಣ ಅಕ್ಷರದಲ್ಲಿದ್ದ ಮೂರು ಹೆಸರಲ್ಲಿ ನನಗೆ ಗೊತ್ತಿದ್ದದ್ದು ಒಂದೇ. ಪಯೋಗ್ಲಿಟಜೋನ್ ಶುಗರ್ ಇಳಿಸುತ್ತದೆ ನಿಜ, ಆದರೆ ಮೈಯಲ್ಲಿ ಉಪ್ಪು, ನೀರು ನಿಲ್ಲಿಸುತ್ತದೆ. ಹಾರ್ಟ್ ಫೇಲ್ಯೂರ್ ಇದ್ದವರಿಗೆ ಅದು ಆಗಿಬರುವುದಿಲ್ಲ. ನೀರು ಹೊರಗೆ ಹಾಕೋಕೆ ಎರಡು ಮಾತ್ರೆ, ನೀರು ನಿಲ್ಲಿಸೋಕೆ ಒಂದು, ಮೂರನ್ನೂ ಒಂದೇ ಲೋಟ ನೀರಲ್ಲಿ ನುಂಗುತ್ತಿದ್ದೆ.

ಆರು ವಾರದಲ್ಲಿ ಐದು ಕೆಜಿ ಜಾಸ್ತಿಯಾಯಿತು. ಕೊಬ್ಬು ಅಂದುಕೊಂಡು ರಾತ್ರಿ ಮುದ್ದೆ ಬಿಟ್ಟೆ. ಮೊಣಕಾಲಿನ ಕೆಳಗೆ ಹೆಬ್ಬೆರಳು ಒತ್ತಿದರೆ ಗುಳಿ ಬಿದ್ದು ಹಾಗೇ ಇರುತ್ತಿತ್ತು. ಅದನ್ನೂ ನೋಡಿ ಸುಮ್ನಿದ್ದೆ. ಒಂದು ರಾತ್ರಿ ಮಲಗಲಾಗದೆ ಕೂತೇ ಉಸಿರೆಳೆಯಬೇಕಾಯಿತು. ಐದು ದಿನ ಐಸಿಯು. ಅಲ್ಲಿನ ಸಿಸ್ಟರ್ ನನ್ನ ಹೆಂಡತಿ ತಂದಿದ್ದ ಮಾತ್ರೆ ಕವರನ್ನು ಮಂಚದ ಮೇಲೆ ಸುರಿದು, ಒಂದೊಂದೇ ಶೀಟ್ ತಿರುಗಿಸಿ ಓದಿದಾಗಲೇ ಅದು ಸಿಕ್ಕಿದ್ದು.

ಶುಗರ್ ಇಲ್ಲದವರಿಗೆ ಶುಗರ್ ಮಾತ್ರೆ ಯಾಕೆ ಅಂತ ಕೇಳಿದ್ದೀರಲ್ಲ, ಆ ಪ್ರಶ್ನೆಯೇ ಸರಿ ಇಲ್ಲ. ಶುಗರ್ ಮಾತ್ರೆಗಳೆಲ್ಲ ಒಂದೇ ಅಲ್ಲ. ಒಂದು ನನ್ನನ್ನು ಐಸಿಯುಗೆ ತಳ್ಳಿತು, ಇನ್ನೊಂದನ್ನು ಇವತ್ತಿಗೂ ನುಂಗುತ್ತಿದ್ದೇನೆ. ಡಪಾಗ್ಲಿಫ್ಲೋಜಿನ್ ಮೂತ್ರದಲ್ಲಿ ಸಕ್ಕರೆ, ಉಪ್ಪು, ನೀರು ಹೊರಗೆ ಕಳಿಸುತ್ತದೆ. 2019 ಮತ್ತು 2022ರಲ್ಲಿ ಹಾರ್ಟ್ ಫೇಲ್ಯೂರ್ ಇದ್ದವರ ಮೇಲೆ ನಡೆದ ಎರಡು ದೊಡ್ಡ ಪ್ರಯೋಗಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಿಗೆ ಶುಗರ್ ಇರಲೇ ಇಲ್ಲ, ಅವರಿಗೂ ಉಪಯೋಗವಾಯಿತು. ಡಾಕ್ಟರ್ ಬರೆದಿದ್ದರೆ ಧೈರ್ಯವಾಗಿ ಕೊಡಿ. ವಾಂತಿ ಭೇದಿ ಆದಾಗ, ಉಪವಾಸ ಇದ್ದಾಗ ಮಾತ್ರ ಅವರಿಗೆ ಫೋನ್ ಮಾಡಿ ಕೇಳದೆ ನುಂಗಿಸಬೇಡಿ. ಮೂತ್ರದ ಜಾಗದಲ್ಲಿ ನವೆ ಬಂದರೆ ನಾಚಿಕೆ ಬಿಟ್ಟು ಹೇಳಲಿ.

ತೂಕ ಇಳಿಸುವ ಇಂಜೆಕ್ಷನ್ ಬಗ್ಗೆಯೂ ಕೇಳಿದ್ದೀರಿ. 2023ರಲ್ಲಿ ಅಂಥದೊಂದು ಇಂಜೆಕ್ಷನ್ ಸೆಮಾಗ್ಲುಟೈಡನ್ನು ನನ್ನಂಥದೇ ಬಿಗಿ ಹೃದಯದ, ದಪ್ಪಗಿರುವ, ಶುಗರ್ ಇಲ್ಲದ 529 ಜನರಲ್ಲಿ ನೋಡಿದರು. ಇಂಜೆಕ್ಷನ್ ತಗೊಂಡವರ ತೂಕ ವರ್ಷದಲ್ಲಿ ಸರಾಸರಿ ಶೇ. 13 ಇಳಿಯಿತು, ಸುಸ್ತೂ ಕಡಿಮೆಯಾಗಿ ಜಾಸ್ತಿ ದೂರ ನಡೆದರು. ಹಾಗಾಗಿ ಮೊದಲು ಅಪ್ಪನ ಎಕೋದಲ್ಲಿ ಪಂಪಿಂಗ್ ಎಷ್ಟಿದೆ ನೋಡಿ. ಪಂಪಿಂಗೇ ಕಡಿಮೆಯಾದವರ ಲೆಕ್ಕ ಬೇರೆ.

ಮುಂದಿನ ಸಲ ಹೋಗುವಾಗ ಚೀಟಿ ಮಾತ್ರ ಒಯ್ಯಬೇಡಿ. ಗ್ಯಾಸಿನ ಮಾತ್ರೆ, ನೋವಿನ ಮಾತ್ರೆ, ಯಾರೋ ಕೊಟ್ಟ ಪುಡಿ, ಮನೆಯಲ್ಲಿರೋದೆಲ್ಲ ಕವರಲ್ಲಿ ಹಾಕಿಕೊಂಡು ಹೋಗಿ ಡಾಕ್ಟರ್ ಮೇಜಿನ ಮೇಲೆ ಸುರಿಯಿರಿ. ದಿನಾ ಬೆಳಿಗ್ಗೆ ತಿಂಡಿಗೆ ಮುಂಚೆ ಅಪ್ಪನ ತೂಕ ನೋಡಿ ಕ್ಯಾಲೆಂಡರ್ ಮೇಲೆ ಬರೆಯಿರಿ. ಎರಡು ಮೂರು ದಿನದಲ್ಲಿ ಎರಡು ಕೆಜಿ ಏರಿದರೆ ಅದು ಊಟದ ತೂಕ ಅಲ್ಲ, ನೀರು. ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.