ಸ್ವಿಟ್ಜರ್ಲೆಂಡಿನ ಸ್ಕೀ ಊರು ವೆಂಗನ್‌ನಲ್ಲಿ ಮಗಳ ಸ್ಕೀ ಬೂಟು ನೋಯಿಸುತ್ತಿದೆ ಎಂಬ ಪ್ರಶ್ನೆಗೆ

ಮೊದಲ ದಿನವೇ ಮೊಣಕಾಲಿನ ಕೆಳಗೆ ಮುಂಭಾಗದ ಎಲುಬು ನೋಯುತ್ತಿದೆ, ಬೆರಳುಗಳು ಮರಗಟ್ಟುತ್ತಿವೆ ಎಂದರೆ ಬಹುಮಟ್ಟಿಗೆ ಕಾರಣ ನೀವು ಮಗಳಿಗೆ ಹಾಕಿಸಿದ್ದಾಗಿ ಹೇಳಿದ ಎರಡು ಜೊತೆ ಉಣ್ಣೆಯ ಕಾಲುಚೀಲ. ಬಿಗಿದ ಬೂಟಿನೊಳಗೆ ರಕ್ತ ಸರಿಯಾಗಿ ಹರಿಯುವುದಿಲ್ಲ. ಹೀಗಾಗಿ ಚೀಲ ಹೆಚ್ಚಿದಷ್ಟೂ ಚಳಿಯೂ ಹೆಚ್ಚುತ್ತದೆ.

ನಾಳೆ ಮೊಣಕಾಲುದ್ದದ ತೆಳುವಾದ ಒಂದೇ ಜೊತೆ ಹಾಕಿ. ಒಳಗಿನ ಥರ್ಮಲ್ ಪ್ಯಾಂಟನ್ನು ಬೂಟಿನ ಅಂಚಿನಿಂದ ಮೇಲಕ್ಕೆ ಮಡಚಿ. ಅಲ್ಲಿ ಸಿಕ್ಕಿಕೊಂಡ ಒಂದು ಸುಕ್ಕು ಸಾಕು, ದೊಡ್ಡವರೂ ಅಳುತ್ತಾರೆ. ಬಕಲ್ ಹಾಕುವ ಮುನ್ನ ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿ ಹಿಂದಕ್ಕೆ ಕೂರಿಸಿ, ಮೊಣಕಾಲು ಮುಂದಕ್ಕೆ ಬಾಗಿಸಲು ಹೇಳಿ. ಮೇಲಿನ ಬಕಲ್‌ಗಳನ್ನು ಮೊದಲು ಬಿಗಿಯಿರಿ, ಬೆರಳಿನ ಕಡೆಯವು ಸಡಿಲವಾಗಿಯೇ ಇರಲಿ.

ನೆಟ್ಟಗೆ ನಿಂತಾಗ ಬೆರಳು ತುದಿಗೆ ಸ್ವಲ್ಪ ತಾಗಬೇಕು, ಬಾಗಿದಾಗ ಬಿಡಿಸಿಕೊಳ್ಳಬೇಕು. ಹಾಗಾಗದಿದ್ದರೆ ಬಾಡಿಗೆ ಅಂಗಡಿಯಲ್ಲಿ ಬದಲಿ ಕೇಳಿ, ಸಂಕೋಚ ಬೇಡ. ಅಳತೆ ಪಾದದ ಉದ್ದದ ಸೆಂಟಿಮೀಟರ್ ಲೆಕ್ಕದಲ್ಲಿರುತ್ತದೆ. "ಬೆಳೆಯುವ ಮಗು" ಎಂದು ದೊಡ್ಡದು ತೆಗೆದುಕೊಳ್ಳುವ ನಮ್ಮ ಅಭ್ಯಾಸ ಇಲ್ಲಿ ನಡೆಯದು: ಪಾದ ಒಳಗೆ ಜಾರಿ ಎಲುಬಿಗೆ ಬಡಿಯುತ್ತದೆ.

ವೆಂಗನ್ ಕಾರುಗಳಿಲ್ಲದ ಊರು, ಹೆಚ್ಚಾಗಿ ನಡೆದೇ ಹೋಗಬೇಕು. ಸ್ಕೀ ಮೈದಾನದವರೆಗೆ ಸಾಮಾನ್ಯ ಹಿಮದ ಬೂಟಿನಲ್ಲೇ ನಡೆಸಿ. ರಾತ್ರಿ ಬೂಟನ್ನು ಬಾಯಿ ತೆರೆದು ಬೆಚ್ಚಗಿನ ಕೋಣೆಯಲ್ಲಿಡಿ, ಹೀಟರಿನ ಮೇಲಲ್ಲ.

ನೋಡದೆ ಇದೇ ಕಾರಣವೆಂದು ಖಚಿತವಾಗಿ ಹೇಳಲಾರೆ. ಒಂದೇ ಕಾಲು ಊದಿದ್ದರೆ, ಅಥವಾ ಬೂಟು ತೆಗೆದ ಮೇಲೂ ಬೆರಳುಗಳಿಗೆ ಬಣ್ಣ, ಸ್ಪರ್ಶ ಮರಳದಿದ್ದರೆ, ಬೂಟಿನ ಚಿಂತೆ ಬಿಟ್ಟು ತಕ್ಷಣ ವೈದ್ಯರಿಗೆ ತೋರಿಸಿ.