ಬೆಕ್ಕಿನ ಮರಿ ತರೋ ಮುಂಚೆ ಮನೆಯಲ್ಲಿ ಏನೇನು ಎತ್ತಿಡಬೇಕು?

ಬೆಂಗಳೂರಿನ ಬಾಡಿಗೆ ಮನೆಗೆ ಮೊದಲ ಸಲ ಬೆಕ್ಕಿನ ಮರಿ ತರ್ತಿದ್ದೀವಿ, ಅದಕ್ಕೆ ವಿಷ ಆಗುವಂಥದ್ದು ಮನೇಲಿ ಏನಿರುತ್ತೆ ಅಂತ ಕೇಳಿದ್ದೀರಿ. ಎಲ್ಲರೂ ಮೊದಲು ಚಾಕೊಲೇಟ್ ಅಂತಾರೆ. ವಿಷ ಹೌದು, ಆದರೆ ಬೆಕ್ಕಿಗೆ ಸಿಹಿಯ ರುಚಿಯೇ ತಿಳಿಯಲ್ಲ, ತಾನಾಗಿ ಹುಡುಕಿ ತಿನ್ನೋದು ಕಡಿಮೆ. ಹತ್ತಾರು ವರ್ಷದಿಂದ ಬೆಕ್ಕು ಸಾಕಿರೋ ನಾನು ಹೆಚ್ಚು ಹೆದರೋದು ಔಷಧಿ ಡಬ್ಬಕ್ಕೆ ಮತ್ತು ನೆಲ ಒರೆಸೋ ಬಕೆಟ್ಟಿಗೆ.

ಪ್ಯಾರಾಸಿಟಮಾಲ್, ಅಂದರೆ ನಮ್ಮ ಡೋಲೋ, ಕ್ರೋಸಿನ್, ಇವನ್ನ ಒಂದು ಚೂರೂ ಕೊಡಬೇಡಿ. ನಮ್ಮ ಯಕೃತ್ತು ಇಂಥ ಔಷಧಿಯನ್ನ ಗ್ಲುಕ್ಯುರೋನಿಕ್ ಆಮ್ಲಕ್ಕೆ ಜೋಡಿಸಿ ಹೊರಹಾಕುತ್ತೆ. ಹಾಗೆ ಜೋಡಿಸೋ ಕಿಣ್ವ ಬೆಕ್ಕಿನಲ್ಲಿ ಸರಿಯಾಗಿ ಕೆಲಸ ಮಾಡಲ್ಲ. ಔಷಧಿ ವಿಷವಾಗಿ ಉಳಿದು ಕೆಂಪು ರಕ್ತಕಣ ಕೆಡಿಸುತ್ತೆ, ರಕ್ತ ಆಮ್ಲಜನಕ ಹೊರೋದನ್ನೇ ಬಿಡುತ್ತೆ. 500 ಮಿ.ಗ್ರಾಂನ ಒಂದೇ ಮಾತ್ರೆ ದೊಡ್ಡ ಬೆಕ್ಕನ್ನೂ ಕೊಲ್ಲಬಲ್ಲದು. ಪಕ್ಕದ ಬೀದಿಯವರೊಬ್ಬರು ಬೆಕ್ಕಿನ ಮೈ ಬಿಸಿಯಿದೆ ಅಂತ ಅರ್ಧ ಮಾತ್ರೆ ಅರೆದು ಹಾಲಲ್ಲಿ ಕೊಟ್ಟಿದ್ದರು. ಸಂಜೆ ಹೊತ್ತಿಗೆ ಮುಖ ಊದಿ, ಗುಲಾಬಿ ಬಣ್ಣದ ಒಸಡು ಕಾಫಿ ಡಿಕಾಕ್ಷನ್ ಥರ ಕಂದು ತಿರುಗಿತ್ತು. ಅಸಿಟೈಲ್ ಸಿಸ್ಟೀನ್ ಅನ್ನೋ ಪ್ರತಿವಿಷ ಕೊಟ್ಟ ಡಾಕ್ಟರ ಕೈಗುಣವೋ ಏನೋ, ಬದುಕಿತು. ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೂಡ ಬೇಡ. ಅಜ್ಜಿ ಮಂಡಿಗೆ ಹಚ್ಚಿಕೊಂಡ ನೋವಿನ ಜೆಲ್ ನೆಕ್ಕಿದರೂ ಕಿಡ್ನಿಗೆ ಕುತ್ತು.

ಫಿನೈಲ್ ಕಥೆಯೂ ಅದೇ ಯಕೃತ್ತಿನದು. ಬೆಕ್ಕು ಫಿನೈಲ್ ಕುಡಿಯಲ್ಲ, ವಾಸನೆಗೇ ಮೂಗು ತಿರುಗಿಸುತ್ತೆ. ಆದರೆ ಒದ್ದೆ ನೆಲದ ಮೇಲೆ ನಡೆದು, ಆಮೇಲೆ ಕೂತು ಪಂಜ ನೆಕ್ಕುತ್ತಲ್ಲ, ಹೊಟ್ಟೆಗೆ ಹೋಗೋದು ಹಾಗೆ. ಡೆಟಾಲ್ ನೀರಲ್ಲಿ ಸ್ನಾನ ಮಾಡಿಸೋದು, ನೀಲಗಿರಿ ಎಣ್ಣೆ ಹಚ್ಚೋದು ಎರಡೂ ಬೇಡ. ನಮ್ಮಲ್ಲಿ ಸೋಪಿನ ನೀರಲ್ಲೇ ಒರೆಸಿ, ನೆಲ ಒಣಗೋವರೆಗೆ ಬೆಕ್ಕನ್ನ ಇನ್ನೊಂದು ರೂಮಲ್ಲಿ ಹಾಕ್ತೀವಿ. ಒಳಗಿಂದ ಬಾಗಿಲು ಕೆರೆಯುತ್ತೆ, ಕೆರೆದುಕೊಳ್ಳಲಿ.

ನಾಯಿಯೂ ಇದ್ದರೆ ರಕ್ತ ಹೀರೋ ಉಣ್ಣೆ ಹುಳಕ್ಕೆ ಅಂತ ಅದರ ಬೆನ್ನ ಮೇಲೆ ಹಾಕೋ ಹನಿ ಔಷಧಿಯ ಲೇಬಲ್ ಓದಿ. ಪರ್ಮೆಥ್ರಿನ್ ಅಂತಿದ್ದರೆ ಬೆಕ್ಕಿಗೆ ಹಾಕಲೇಬಾರದು, ಮೈ ನಡುಗಿ ಫಿಟ್ಸ್ ಬರುತ್ತೆ. ಹಚ್ಚಿದ ನಾಯಿಯ ಜೊತೆ ಮಲಗಲೂ ಬಿಡಬೇಡಿ.

ಹೂಗುಚ್ಛದಲ್ಲಿ ಬರೋ ದೊಡ್ಡ ಲಿಲಿ ಮನೆಯೊಳಗೇ ಬೇಡ. ಎಲೆ, ಪರಾಗ, ಹೂದಾನಿಯ ನೀರು, ಯಾವುದಾದರೂ ಸಾಕು. ಮೊದಲ ದಿನ ವಾಂತಿ ಮಾಡಿ, ನಂತರ ಸುಧಾರಿಸಿದ ಹಾಗೆ ಕಾಣುತ್ತೆ, ಅಷ್ಟರಲ್ಲಿ ಕಿಡ್ನಿ ಸೋಲುತ್ತಿರುತ್ತೆ. ಕುಂಡದ ಪೀಸ್ ಲಿಲಿ, ಮನಿ ಪ್ಲಾಂಟ್ ಬಾಯಿ ಉರಿಸಿ ಜೊಲ್ಲು ಸುರಿಸುತ್ತವೆ, ಆ ಮಟ್ಟದ ಅಪಾಯ ಇಲ್ಲ.

ಈರುಳ್ಳಿ, ಬೆಳ್ಳುಳ್ಳಿ ಬೆಂದಿದ್ದರೂ ರಕ್ತಕಣ ಒಡೆಯುತ್ತವೆ. ಹಾಗಾಗಿ ನೀವು ಉಂಡ ಮೀನು ಸಾರಿನ ಅನ್ನ ಹಾಕಬೇಡಿ, ಮೀನು ಬೇರೆ ಬೇಯಿಸಿ. ಬೀರುವಿನ ನುಸಿಗುಳಿಗೆ ತೆಗೆದುಬಿಡಿ. ಇಲಿ ಪಾಷಾಣ ನೀವು ಇಡದಿದ್ದರೂ ಕೆಳಗಿನ ಮನೆಯವರು ಇಟ್ಟಿರಬಹುದು, ಅದನ್ನ ತಿಂದ ಇಲಿಯನ್ನ ಹಿಡಿದು ತಿಂದರೂ ಕಷ್ಟ. ಓನರ್ ಹತ್ತಿರ ಮೊದಲೇ ಮಾತಾಡಿ.

ಏನಾದರೂ ಹೊಟ್ಟೆಗೆ ಹೋಯಿತು ಅನ್ನಿಸಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸೋಕೆ ಹೋಗಬೇಡಿ, ಹಾಲೂ ಕೊಡಬೇಡಿ. ಮೈಗೆ ಮೆತ್ತಿದ್ದರೆ ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿ ಬೆಚ್ಚಗಿನ ನೀರಲ್ಲಿ ತೊಳೆದು, ಔಷಧಿಯ ಸ್ಟ್ರಿಪ್ಪೋ ಬಾಟಲಿಯೋ ಕೈಯಲ್ಲಿ ಹಿಡಿದೇ ಓಡಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ರಾತ್ರಿ ಹೊತ್ತಿಗೆ ನಿಮ್ಮ ಏರಿಯಾದಲ್ಲಿ ಯಾವ ಕ್ಲಿನಿಕ್ ತೆರೆದಿರುತ್ತೆ ಅಂತ ಮರಿ ತರೋ ಮುಂಚೆಯೇ ಫೋನ್ ಮಾಡಿ ಕೇಳಿ, ನಂಬರ್ ಸೇವ್ ಮಾಡಿಟ್ಟುಕೊಳ್ಳಿ.