ಆಸ್ಟ್ರೇಲಿಯನ್ ಫುಟ್‌ಬಾಲ್ ನಡೆಸುವವರು ಯಾರು?

ಸಾಕರ್‌ಗಿಂತ ಬೇರೆಯದೇ ಆದ ಈ ಆಟಕ್ಕೆ ಫಿಫಾದಂಥ ಜಾಗತಿಕ ಸಂಸ್ಥೆ ಮೇಲಿಲ್ಲದಿರುವಾಗ ಆಸ್ಟ್ರೇಲಿಯನ್ ಫುಟ್‌ಬಾಲನ್ನು ಕ್ಲಬ್‌ಗಳೇ ನಡೆಸುತ್ತವಾ ಅಂತ ಕೇಳಿದ್ದೀರಿ. ಇಲ್ಲ, ನಡೆಸುವುದು ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗಿನ (ಎಎಫ್ಎಲ್) ಆಡಳಿತ ಮಂಡಳಿಯಾದ ಎಎಫ್ಎಲ್ ಕಮಿಷನ್. ಕಮಿಷನರ್‌ಗಳನ್ನು ಆರಿಸುವುದು ಮಾತ್ರ ಕ್ಲಬ್‌ಗಳು.

ಮೊದಲು ಹೀಗಿರಲಿಲ್ಲ. ವಿಕ್ಟೋರಿಯಾದ 12 ಕ್ಲಬ್‌ಗಳ ವಿಕ್ಟೋರಿಯನ್ ಫುಟ್‌ಬಾಲ್ ಲೀಗ್ (ವಿಎಫ್ಎಲ್) ಇದ್ದಾಗ ಕ್ಲಬ್ ಪ್ರತಿನಿಧಿಗಳೇ ಕೂತು ತೀರ್ಮಾನ ಮಾಡುತ್ತಿದ್ದರು. ಅವರವರಿಗೆ ಅವರವರ ಕ್ಲಬ್ಬಿನದೇ ಚಿಂತೆ. ಆಟಗಾರರಿಗೆ ಮಿತಿಮೀರಿ ದುಡ್ಡು ಸುರಿದು ಹಲವು ಕ್ಲಬ್‌ಗಳು ಸಾಲದಲ್ಲಿ ಮುಳುಗಿದವು. ಸೌತ್ ಮೆಲ್ಬರ್ನ್ ಕ್ಲಬ್ 1982ರಲ್ಲಿ ಊರನ್ನೇ ಬಿಟ್ಟು ಸಿಡ್ನಿ ಸೇರಿತು. ಕೊನೆಗೆ 1984ರಲ್ಲಿ ಕಮಿಷನ್ ಬಂತು. ಹಿಂದೆಯೇ 1986ರಲ್ಲಿ ಡ್ರಾಫ್ಟ್ (ಕ್ಲಬ್‌ಗಳು ಸರದಿ ಪ್ರಕಾರ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪದ್ಧತಿ), 1987ರಲ್ಲಿ ಸಂಬಳಕ್ಕೆ ಮಿತಿ ಬಂದವು. 1990ರಲ್ಲಿ ವಿಎಫ್ಎಲ್‌ಗೆ ಎಎಫ್ಎಲ್ ಅನ್ನೋ ಹೆಸರು ಬಂತು. 1993ರಲ್ಲಿ ಕ್ಲಬ್‌ಗಳು ಉಳಿದ ಅಧಿಕಾರವನ್ನೂ ಬಹುಪಾಲು ಬಿಟ್ಟುಕೊಟ್ಟವು. ಆಟ ಉಳಿದದ್ದೇ ಇದರಿಂದ ಅಂತ ನಾನು ಬಲವಾಗಿ ನಂಬಿದ್ದೇನೆ.

ಆದರೆ ನನ್ನನ್ನು ಕಾಡುವ ವಿಷಯ ಬೇರೆ. ಲೀಗ್ ನಡೆಸಿ ಹಣ ಗಳಿಸುವವರೂ, ಇಡೀ ದೇಶದಲ್ಲಿ ಆಟದ ನಿಯಮ ಬರೆಯುವವರೂ, ತಪ್ಪು ಮಾಡಿದವರಿಗೆ ಶಿಕ್ಷೆ ಕೊಡುವವರೂ ಒಬ್ಬರೇ. ಎಸೆಂಡನ್ ಕ್ಲಬ್ಬಿನ ಪ್ರಕರಣ ನೋಡಿ. ಆಟಗಾರರಿಗೆ ಚುಚ್ಚುಮದ್ದು ಕೊಟ್ಟ ಕಾರ್ಯಕ್ರಮದ ವಿಚಾರದಲ್ಲಿ 2013ರ ಆಗಸ್ಟ್‌ನಲ್ಲಿ ಕಮಿಷನ್ ಆ ಕ್ಲಬ್ಬಿಗೆ 20 ಲಕ್ಷ ಡಾಲರ್ ದಂಡ ಹಾಕಿ, ಆ ವರ್ಷದ ಫೈನಲ್ಸ್‌ನಿಂದ (ಲೀಗಿನ ಕೊನೆಯ ಸುತ್ತುಗಳಿಂದ) ಹೊರಗಿಟ್ಟಿತು. ಆಟಗಾರರ ವಿಷಯಕ್ಕೆ ಬಂದರೆ, 2015ರಲ್ಲಿ ಎಎಫ್ಎಲ್‌ನ ಉದ್ದೀಪನ ಮದ್ದು ತಡೆ ಟ್ರಿಬ್ಯೂನಲ್ 34 ಮಂದಿಯನ್ನೂ ತಪ್ಪಿತಸ್ಥರಲ್ಲ ಎಂದಿತು. ಉದ್ದೀಪನ ಮದ್ದು ತಡೆಯುವ ಜಾಗತಿಕ ಸಂಸ್ಥೆಯಾದ ವಾಡಾ ಸುಮ್ಮನಿರಲಿಲ್ಲ, ಕ್ರೀಡಾ ಮಧ್ಯಸ್ಥಿಕೆ ನ್ಯಾಯಾಲಯಕ್ಕೆ ಹೋಯಿತು. 2016ರ ಜನವರಿಯಲ್ಲಿ ಆ 34 ಜನರ ಮೇಲೂ ನಿಷೇಧ ಬಿತ್ತು. ಕಮಿಷನ್ ಮಾತೇ ಅಂತಿಮವಲ್ಲದ ಇಂಥ ಜಾಗಗಳು ಹೆಚ್ಚಿಲ್ಲ.

ರಾಜ್ಯಗಳಲ್ಲಿ ವ್ಯವಸ್ಥೆ ಒಂದೇ ಥರ ಇಲ್ಲ. ಪಶ್ಚಿಮ ಆಸ್ಟ್ರೇಲಿಯಾದ ಫುಟ್‌ಬಾಲ್ ಕಮಿಷನ್ ವೆಸ್ಟ್ ಕೋಸ್ಟ್ ಮತ್ತು ಫ್ರೀಮ್ಯಾಂಟಲ್ ಕ್ಲಬ್‌ಗಳ ಒಡೆತನ ಹೊಂದಿದೆ. ಮೆಲ್ಬರ್ನಿನ ಕ್ಲಬ್‌ಗಳು ಚಂದಾ ಕಟ್ಟುವ ಸದಸ್ಯರವು.

ಕ್ಲಬ್‌ಗಳಿಗೆ ಹಿಡಿತವೇ ಇಲ್ಲ ಅಂದುಕೊಳ್ಳಬೇಡಿ. ಹೊಸ ಕ್ಲಬ್ ಸೇರಿಸುವಂಥ ದೊಡ್ಡ ತೀರ್ಮಾನವನ್ನು ಮೂರನೇ ಎರಡರಷ್ಟು ಕ್ಲಬ್‌ಗಳು ಒಟ್ಟಾದರೆ ತಡೆಯಬಹುದು, ಅಂದರೆ ಈಗಿರುವ 18ರಲ್ಲಿ 12. 2023ರಲ್ಲಿ ಟಾಸ್ಮೇನಿಯಾ ರಾಜ್ಯಕ್ಕೆ ಹೊಸ ಕ್ಲಬ್ಬಿನ ಲೈಸೆನ್ಸ್ ಕೊಡುವ ಮುನ್ನ ಕ್ಲಬ್ ಅಧ್ಯಕ್ಷರ ಒಪ್ಪಿಗೆ ಪಡೆದದ್ದು ಇದೇ ಕಾರಣಕ್ಕೆ. ಅಲ್ಲಿನ ರಾಜಧಾನಿ ಹೋಬಾರ್ಟ್‌ನಲ್ಲಿ ಚಾವಣಿ ಇರುವ ಹೊಸ ಕ್ರೀಡಾಂಗಣ ಕಟ್ಟಬೇಕು ಅನ್ನೋ ಷರತ್ತನ್ನು ಮಾತ್ರ ಎಎಫ್ಎಲ್ ನೇರವಾಗಿ ರಾಜ್ಯ ಸರ್ಕಾರದ ಮುಂದಿಟ್ಟಿತು.